ಎರಡು ಮನೆಯ ಊಟ

ವಿಜಯಪುರ
ಗುರುವಾರ, ಫೆಬ್ರವರಿ ೩೦, ೨೧೭೪

ನನ್ನ ಅಜ್ಜಿಯ ಅಜ್ಜಿಯಾದ ಚಿರಂಜೀವಿ ನೀಲಗಂಗಾ ಅವರಿಗೆ, ಸಂಗನಬಸವನ ಸಾಷ್ಟಾಂಗ ನಮಸ್ಕಾರಗಳು ಮತ್ತು ಆಶೀರ್ವಾದಗಳು.

ತಾರೀಖನ್ನು ನೋಡಿ ಇದು ಯಾರದೋ ಕುಚೇಷ್ಟೆಯೆಂದು ಕಾಗದವನ್ನು ಹರಿದುಹಾಕಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನವಿರಲಿಲ್ಲವೆಂಬುದನ್ನು ಬಲ್ಲೆ. ನನ್ನ ತಾತನ ಕಾಲದಲ್ಲಿ ಪಂಚಾಂಗವನ್ನು ತಿದ್ದುವಾಗ, ಉಳ್ಳ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಆ ಬಡ ತಿಂಗಳಿಗೆ ಕೊಟ್ಟರು. ಸಂಬೋಧನೆಗೂ ಕ್ಷಮೆ ಕೇಳಬೇಕು. ಈ ಪತ್ರ ತಲುಪುವ ದಿನ ನಿಮಗೆ ಹದಿನೆಂಟು ವರ್ಷ. ಬರೆಯುತ್ತಿರುವ ನನಗೆ ಐವತ್ತೆಂಟು. ವಂಶದಲ್ಲಿ ನೀವು ನನಗಿಂತ ನಾಲ್ಕು ತಲೆಮಾರು ಹಿರಿಯರು. ನಿಮ್ಮ ಕಾಲಿಗೆ ಬೀಳಬೇಕೋ, ತಲೆಯ ಮೇಲೆ ಕೈಯಿಡಬೇಕೋ ತಿಳಿಯದೆ ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ.

ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಪ್ರತಿಯೊಬ್ಬ ಪ್ರಜೆಗೂ ಜೀವಮಾನದಲ್ಲಿ ಒಂದು ಹಿಂದೋಲೆಯ ಹಕ್ಕುಂಟು. ಅಂಚೆಮನೆಯವರು ಅದನ್ನು ಪಡೆದು ಹಿಂದಿನ ಕಾಲಕ್ಕೆ ರವಾನಿಸುತ್ತಾರೆ. ತಲುಪಿದೆಯೆಂದು ಯಾರಿಗೂ ಈವರೆಗೆ ಉತ್ತರ ಬಂದಿಲ್ಲ. ಆದರೂ ಜನ ಬರೆಯುತ್ತಾರೆ. ತರ್ಪಣದ ನೀರು ತಲುಪಿತೇ ಎಂದು ನಿಮ್ಮ ಕಾಲದವರೂ ರಸೀದಿ ಕೇಳುತ್ತಿರಲಿಲ್ಲವಷ್ಟೇ. ಪತ್ರ ಪಡೆಯುವವರ ಕಾಲದ ಮದುವೆ, ಮರಣ, ಯುದ್ಧಗಳ ಸುದ್ದಿಯನ್ನು ಬರೆಯಬಾರದೆಂಬ ನಿಯಮವಿದೆ. ಆದ್ದರಿಂದ ನಿಮ್ಮನ್ನು ವರಿಸುವ ಮಹಾನುಭಾವರ ಹೆಸರನ್ನು ಹೇಳಲಾರೆ. ಅವರ ಗೊರಕೆಯ ಖ್ಯಾತಿ ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ಉಳಿದಿದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮುಂದೆ ಮೇಜಿನ ಮೇಲೆ ಹನ್ನೊಂದು ಪುಟಗಳ ಒಂದು ಬರಹವಿದೆ. ನನ್ನ ಮಗಳು ಹೊನ್ನವ್ವ ಹೇಗೆ ಸತ್ತಳೆಂಬುದನ್ನು ಅದರಲ್ಲಿ ಬರೆಯಲಾಗಿದೆ. ಇಂದು ಮಧ್ಯಾಹ್ನದೊಳಗೆ ನಾನು ಅದಕ್ಕೆ ಸಹಿ ಹಾಕಬೇಕು. ಸಹಿ ಹಾಕುವುದು ಸುಲಭ, ಏಕೆಂದರೆ ಅದರಲ್ಲಿರುವುದೆಲ್ಲ ನನ್ನ ಪರವಾಗಿದೆ. ಬೆಳಗಿನಿಂದ ನಾನು ಸಹಿ ಹಾಕದೆ ಕುಳಿತಿರುವುದೇಕೆಂದು ನಿಮಗೆ ಹೇಳಬೇಕಾಗಿದೆ. ನಿಮಗೇ ಏಕೆಂದರೆ, ಈ ಎಲ್ಲದರ ಒಂದು ತುದಿ ನಿಮ್ಮ ಕೈಯಲ್ಲಿದೆ.

ನಿಮ್ಮ ಯೌವನದ ಬಗ್ಗೆ ನಮ್ಮ ಮನೆಯವರಿಗೆ ತಿಳಿದಿರುವುದು ಬಹಳ ಕಡಿಮೆ. ಪಿಯುಸಿ ಮುಗಿಸಿದ ನೀವು ಬಿ.ಎ.ಗೆ ಅಪರಾಧ ನ್ಯಾಯವೆಂಬ ವಿಷಯವನ್ನು ಆಯ್ದುಕೊಂಡಿರಿ, ನಿಮ್ಮ ತಂದೆಯವರು ಎಂಟು ದಿನ ನಿಮ್ಮೊಡನೆ ಮಾತನಾಡಲಿಲ್ಲ, ನಿಮ್ಮ ತಾಯಿಯವರು, "ಪೊಲೀಸ್ ಸ್ಟೇಷನ್ ಮೆಟ್ಟಲಾ ಹತ್ತಿ ಇಳಿಯೋ ಹುಡುಗಿಗೆ ಬೀಗರು ಎಲ್ಲಿಂದ ಬರಬೇಕವಾ?" ಎಂದು ಕೇಳಿದರು. ಆ ಪ್ರಶ್ನೆ ನೂರೈವತ್ತು ವರ್ಷಗಳಿಂದ ನಮ್ಮಲ್ಲಿ ಗಾದೆಯಂತೆ ಚಾಲ್ತಿಯಲ್ಲಿದೆ. ಈಗ ನಾವು ಅದನ್ನು ಯಾರು ಯಾವ ವಿಷಯ ಓದಲು ಹೊರಟರೂ ಹೇಳುತ್ತೇವೆ, ಗಣಿತಕ್ಕೂ ಸಹ. ನೀವು ಮೂರು ವರ್ಷ ಅದನ್ನೇ ಓದಿದಿರಿ. ದಂಡಸಂಹಿತೆಯನ್ನೂ ಬೆರಳಚ್ಚನ್ನೂ ಜೈಲಿನ ಇತಿಹಾಸವನ್ನೂ ಕಲಿತಿರಿ. ಒಂದು ಅಧ್ಯಯನಕ್ಕಾಗಿ ಕಳ್ಳತನವಾದ ಮನೆಗೆ ಹೋದವರು, ಯಾರೂ ಹೇಳದಿದ್ದರೂ ಮರುವಾರ ಕದ್ದವನ ಮನೆಗೂ ಹೋದಿರಂತೆ. ಎರಡೂ ಕಡೆ ರೊಟ್ಟಿ ತಿಂದು ಬಂದಿರಂತೆ. ನಮ್ಮ ಕಾಲದ ಒಂದು ದೊಡ್ಡ ಪದ್ಧತಿ ಹುಟ್ಟಿದ್ದು ಆ ರೊಟ್ಟಿಯಿಂದ ಎಂದು ನಮ್ಮ ಮನೆಯವರ ವಾದ. ಪಠ್ಯಪುಸ್ತಕಗಳು ಬೇರೆ ಬೇರೆ ಊರುಗಳ ಹೆಸರು ಹೇಳುತ್ತವೆ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧಿಯಾಗಿದ್ದವನು. ನಮ್ಮ ಪುರಾವೆ ದುರ್ಬಲವೆಂದು ಒಪ್ಪುತ್ತೇನೆ, ವಾದವನ್ನು ಮಾತ್ರ ಬಿಡುವುದಿಲ್ಲ.

ಆ ಪದ್ಧತಿ ಹೀಗಿದೆ. ಇಂದು ಅಪರಾಧ ನ್ಯಾಯದ ಪದವಿಗೆ ನಾಲ್ಕು ವರ್ಷ. ಮೊದಲನೆಯ ವರ್ಷ ಪುಸ್ತಕಗಳದು. ಎರಡನೆಯದಕ್ಕೆ ಎರಡುಮನೆ ವರ್ಷವೆಂದು ಹೆಸರು. ವಿದ್ಯಾರ್ಥಿಗೆ ಒಂದೇ ಒಂದು ಪ್ರಕರಣವನ್ನು ಒಪ್ಪಿಸುತ್ತಾರೆ. ಅವಳು ಒಂದು ಗುರುವಾರ ಪೆಟ್ಟು ತಿಂದವರ ಮನೆಯಲ್ಲಿ, ಮರು ಗುರುವಾರ ಪೆಟ್ಟು ಕೊಟ್ಟವರ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಬೇಕು. ನಡೆದುಕೊಂಡೇ ಬರಬೇಕು. ಹಾಕಿದ್ದನ್ನು ಉಣ್ಣಬೇಕು. ಆ ಮನೆಯ ಮಾತನ್ನು ಈ ಮನೆಗೆ ತರಬಾರದು. "ಅನ್ನ ಉಣ್ಣು, ಮಾತು ಒಯ್ಯಬೇಡ" ಎಂಬುದು ಅವರ ಮೊದಲ ಪಾಠ. ವರ್ಷದ ಕೊನೆಗೆ ಅವಳು ನಡೆದದ್ದನ್ನು ನಡೆದಂತೆ ಬರೆಯಬೇಕು. ಇದನ್ನು ಸಮಕಥನ ಎನ್ನುತ್ತಾರೆ. ಎರಡೂ ಮನೆಯವರು ಓದಿ, ಹೌದು, ನಡೆದದ್ದು ಇದೇ ಎಂದು ಸಹಿ ಹಾಕಿದರೆ ನ್ಯಾಯಾಧೀಶರು ಅದರ ಮೇಲೆ ಶಿಕ್ಷೆಯನ್ನು ನಿರ್ಧರಿಸುತ್ತಾರೆ. ಒಂದು ಮನೆಯವರು ನಿರಾಕರಿಸಿದರೂ ಹಳೆಯ ದಾರಿಯೇ ಗತಿ: ಎರಡು ಪಕ್ಷದ ವಕೀಲರು, ವರ್ಷಗಟ್ಟಲೆ ವಾದ. ವಿದ್ಯಾರ್ಥಿಯೂ ಆ ವರ್ಷವನ್ನು ಇನ್ನೊಂದು ಪ್ರಕರಣದೊಡನೆ ಮೊದಲಿನಿಂದ ಓದಬೇಕು.

ಈ ವಿಷಯವನ್ನು ನನ್ನ ಮಗಳು ಓದಬೇಕೆಂದಿದ್ದಳು. ನಾನು ಬೇಡವೆಂದಿದ್ದೆ. ನಮ್ಮ ಊರಿಗೆ ಈಗ ನೀರು ನೆಲದಡಿಯ ತಂಪುಕಾಲುವೆಗಳಲ್ಲಿ ಬರುತ್ತದೆ. ಅವನ್ನು ನೋಡಿಕೊಳ್ಳುವ ಜಲವಿಜ್ಞಾನಿಗಳಿಗೆ ಊರೇ ಎದ್ದು ನಿಂತು ಮರ್ಯಾದೆ ಕೊಡುತ್ತದೆ. ಅವಳು ಅದನ್ನು ಓದಲಿ ಎಂಬುದು ನನ್ನ ಆಸೆ. ಕಳೆದ ವರ್ಷ ಇದೇ ತಿಂಗಳಲ್ಲಿ, ಪ್ರವೇಶದ ಫಾರಂ ಕೊಡಬೇಕಾದ ಬೆಳಿಗ್ಗೆ, ನಾಷ್ಟಾ ಮಾಡುವಾಗ ಅವಳ ಮುಂದೆ ಮೂರು ಕಾರಣಗಳನ್ನು ಇಟ್ಟೆ. ಕ್ರಮವಾಗಿ, ಸಾಧಾರವಾಗಿ, ಒಂದರ ಮೇಲೊಂದು. ಅವಳು ಪೂರ್ತಿ ಕೇಳಿದಳು. ಆಮೇಲೆ, "ಅಪ್ಪಾ, ಮೂರೂ ಕಾರಣ ಭಾಳ ಛಲೋ ಅದಾವ. ನೀಲಜ್ಜಿ ಅಪ್ಪಗ ಇಷ್ಟು ಛಲೋ ಮಾತಾಡಾಕ ಬಂದಿದ್ರ ಆಕಿ ಸುಮ್ನ ಮನ್ಯಾಗ ಕುಂದರತಿದ್ದಳು. ನಾ ಮಾತ್ರ ಹೋಗಾಕಿ" ಎಂದು ನಕ್ಕು, ಕೈತೊಳೆದು ಎದ್ದಳು. ನನ್ನ ಹೆಂಡತಿ ಕಸ್ತೂರಿ ಒಳಗಿನಿಂದಲೇ, "ಎದುರಿಗೆ ಕುಂತವರೆಲ್ಲಾ ಎದುರಾಳಿ ಅಲ್ಲರೀ, ಒಬ್ಬಾಕಿ ಮಗಳೂ ಅದಾಳ" ಎಂದಳು. ಹೊನ್ನವ್ವ ಫಾರಂ ಹಿಡಿದು ಹೊರಟಳು. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಅವಳ ಬಾಯಿಂದ ಬಂದದ್ದು ಅದೇ ಕೊನೆ.

ಅರ್ಧ ಗಂಟೆಯ ಬಳಿಕ ನಡೆದದ್ದನ್ನು ವಿವರಿಸುವ ಮೊದಲು ನಮ್ಮ ರಸ್ತೆಗಳ ಬಗ್ಗೆ ಎರಡು ಮಾತು. ಬಿಸಿಲು ನಿಮ್ಮ ಕಾಲಕ್ಕಿಂತ ಬಹಳ ಏರಿದೆ. ಓಣಿಗಳ ಎರಡೂ ಬದಿಗೆ ಎತ್ತರದ ನೆರಳುಗೋಡೆಗಳನ್ನು ಕಟ್ಟಿದ್ದೇವೆ. ಜನ ಅವುಗಳ ಮರೆಯಲ್ಲಿ ನಡೆಯುತ್ತಾರೆ. ಸಾಮಾನು ಸಾಗಿಸುವ ಗಾಡಿಗಳು ಒಂದರ ಹಿಂದೊಂದು ಕೂಡಿಕೊಂಡು ಅದೇ ನೆರಳಿನಲ್ಲಿ ಸದ್ದಿಲ್ಲದೆ ಬರುತ್ತವೆ, ಅವೇ ಸಾಲುಬಂಡಿಗಳು. ಎದುರಿಗೆ ಮನುಷ್ಯ ನಿಂತರೆ ಬಂಡಿಯನ್ನು ತಾನಾಗಿ ನಿಲ್ಲಿಸುವ ಒಂದು ತಡೆಗೊಂಡಿ ಮುಂದಿನ ಗಾಡಿಯಲ್ಲಿರುತ್ತದೆ. ಸಂತೆಯ ದಿನ ಅದು ಹೆಜ್ಜೆಹೆಜ್ಜೆಗೂ ನಿಲ್ಲಿಸುತ್ತದೆಯೆಂದು ಕೆಲವು ಚಾಲಕರು ಅದನ್ನು ಬಿಚ್ಚಿಡುವುದುಂಟು. ಅಂದು ಯಲ್ಲಾಲಿಂಗನೆಂಬ ಇಪ್ಪತ್ತೆರಡು ವರ್ಷದ ಚಾಲಕ ಬಿಚ್ಚಿಟ್ಟಿದ್ದ. ಹೊನ್ನವ್ವ ಹಾದಿಯ ನಡುವೆ ನಿಂತಳು. ಬಂಡಿ ನಿಲ್ಲಲಿಲ್ಲ.

ನಮ್ಮ ಪ್ರಕರಣ ಜುಬೇದಾ ಮುಜಾವರ ಎಂಬ ವಿದ್ಯಾರ್ಥಿನಿಯ ಪಾಲಿಗೆ ಬಂತು. ಹತ್ತೊಂಬತ್ತು ವರ್ಷ, ಮೋಟು ಜಡೆ, ದೊಡ್ಡ ಚಪ್ಪಲಿ. ಮೊದಲ ಗುರುವಾರ ಬಂದಾಗ ಮೂರು ವಾರಗಳಿಂದ ನಮ್ಮ ಮನೆಯಲ್ಲಿ ಸರಿಯಾಗಿ ಒಲೆ ಉರಿದಿರಲಿಲ್ಲ. ಏನು ಬಡಿಸುವುದೆಂದು ಕಸ್ತೂರಿ ತಡವರಿಸಿದಾಗ ಆ ಹುಡುಗಿ, "ಹಾಕಿದ್ದು ಉಣ್ಣೂದ ನಮಗ ಪರೀಕ್ಷಾರೀ ಅಮ್ಮಾರ. ಪುಂಡಿಪಲ್ಯ ಇತ್ತಂದ್ರ ಫಸ್ಟ್ ಕ್ಲಾಸಿನಾಗ ಪಾಸಾಗ್ತೀನಿ" ಎಂದಳು. ಕಸ್ತೂರಿ ಅತ್ತಳು, ಆಮೇಲೆ ಪುಂಡಿಪಲ್ಯ ಮಾಡಿದಳು. ಅಂದಿನಿಂದ ಹದಿನೈದು ದಿನಕ್ಕೊಮ್ಮೆಯಾದರೂ ನಮ್ಮ ಮನೆಯಲ್ಲಿ ಪೂರ್ತಿ ಅಡುಗೆಯಾಗುತ್ತಿತ್ತು: ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹೊನ್ನವ್ವನ ತಟ್ಟೆಯನ್ನು ಮಾತ್ರ ಕೊಡಲಿಲ್ಲ. ಜುಬೇದಾ ಅದನ್ನು ಕೇಳಲೂ ಇಲ್ಲ.

ನನ್ನ ನಡತೆಯ ಬಗ್ಗೆ ನನಗೆ ಹೆಮ್ಮೆಯಿಲ್ಲ. ಮೊದಲ ಕೆಲವು ತಿಂಗಳು ನಾನು ಆ ಹುಡುಗಿಯನ್ನು ಎದುರು ಪಕ್ಷದ ಭಾಷಣಕಾರ್ತಿಯೆಂದೇ ಎಣಿಸಿ ಮಾತನಾಡಿದೆ. ಪೀಠಿಕೆ, ಮಂಡನೆ, ಉಪಸಂಹಾರ, ಯಾವುದನ್ನೂ ಬಿಡಲಿಲ್ಲ. ಅವಳು ರೊಟ್ಟಿ ಮುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ, "ಅಪ್ಪಾರ, ಭಾಳ ಛಂದ ಮಾತಾಡ್ತೀರಿ. ಇದರಾಗ ನಡೆದದ್ದು ಎಷ್ಟು, ನೀವು ಕಟ್ಟಿದ್ದು ಎಷ್ಟು?" ಎಂದಳು. ನಾನು ಹದಿನೇಳು ಅಂತರಕಾಲೇಜು ಫಲಕಗಳನ್ನು ಗೆದ್ದವನು. ಯಾವ ನಿರ್ಣಾಯಕರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೋಪದಲ್ಲಿ ಎದ್ದು ಪಡಸಾಲೆಗೆ ಹೋದೆ. ಅವಳು ಎರಡನೆಯ ಸಲ ಮೊಸರು ಹಾಕಿಸಿಕೊಳ್ಳುತ್ತಿದ್ದ ಸದ್ದು ಕೇಳಿಸಿತು. ಮರುಸರದಿಗೆ ಬಂದಾಗ ಏನೂ ಆಗಿಲ್ಲವೆಂಬಂತೆ ನನಗೊಂದು ಮಾವಿನಕಾಯಿ ತಂದಿದ್ದಳು.

ಮಳೆಗಾಲದಲ್ಲಿ ಒಮ್ಮೆ ಅವಳು ಕೇಳಿದ್ದು ಇಷ್ಟೇ: "ಅಪ್ಪಾರ, ಹೊನ್ನಕ್ಕ ಹಾದಿ ನಡುವ ಯಾಕ ನಿಂತಳು?" ನಾನು, "ನಿಲ್ಲುವುದು ಅಪರಾಧವೇ?" ಎಂದು ಮರುಪ್ರಶ್ನೆ ಹಾಕಿದೆ. ಉತ್ತರವಿಲ್ಲದವನು ಪ್ರಶ್ನೆಯನ್ನು ತಿರುಗಿಸಬೇಕೆಂಬುದು ನಮ್ಮ ಚರ್ಚಾಕೂಟದ ಹಳೆಯ ಪಾಠ. ಅವಳು ಕೇಳಿದ್ದನ್ನೂ ಹೇಳಿದ್ದನ್ನೂ ಬರೆದುಕೊಂಡಳು.

ಅವಳು ಏಕೆ ನಿಂತಳೆಂದು ನನಗೆ ಗೊತ್ತಿತ್ತು. ನಮ್ಮ ಕಾಲದವರು ದೂರದವರೊಡನೆ ಮಾತನಾಡಲು ಕಿವಿಮಣಿಯೆಂಬ ಚಿಕ್ಕ ಸಾಧನವನ್ನು ಧರಿಸುತ್ತಾರೆ. ಕರೆಗಳ ದಾಖಲೆ ಇಡುವುದನ್ನು ಕಾನೂನು ನಿಷೇಧಿಸಿದೆ. ಮಾತು ಆಡಿದವರಿಗೆ, ಕೇಳಿದವರಿಗೆ ಮಾತ್ರ ಸೇರಿದ್ದು. ಸಾಲುಬಂಡಿಯ ಹಾದಿಯಲ್ಲಿ ನಡೆಯುವವರನ್ನು ಕರೆಯಬಾರದೆಂಬ ನಿಯಮವನ್ನು ಶಾಲಾಮಕ್ಕಳೂ ಬಲ್ಲರು. ಅಂದು ಮಗಳು ಹೋದ ಮೇಲೆ ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾಗ ನಾಲ್ಕನೆಯ ಕಾರಣ ಹೊಳೆಯಿತು. ಬಹಳ ಬಲವಾದ ಕಾರಣ. ಮರುತ್ತರಕ್ಕೆ ಉಳಿಸಿಟ್ಟ ಅಸ್ತ್ರದಂಥದ್ದು. ಸಂಜೆಯವರೆಗೆ ಕಾಯಲಾರದೆ ಕರೆದೆ. "ಅಪರಾಧಿಯ ಮನೆಯಲ್ಲಿ ಕುಳಿತು ಉಂಡು ಬರುವವಳು ನೀನು, ನಾಳೆ ನಮ್ಮ ಮನೆಗೇ ಅನ್ಯಾಯವಾದರೆ ಯಾರ ಪರ ನಿಲ್ಲುತ್ತೀ?" ಎಂದು ಕೇಳಿದೆ. ಅವಳು ಅದನ್ನು ನಗುತ್ತ ತಳ್ಳಿಹಾಕಲಿಲ್ಲ. ಯೋಚಿಸಲು ನಿಂತಳು. ನನ್ನ ಮಗಳು ಒಳ್ಳೆಯ ಪ್ರಶ್ನೆಗೆ ನಿಲ್ಲದೆ ಉತ್ತರ ಕೊಡುವವಳಲ್ಲ. "ಅಪ್ಪಾ, ಅದಕ್ಕ ಉತ್ತರ ಏನಂದ್ರ..." ಎಂದಳು. ಅಷ್ಟೇ ಕೇಳಿಸಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಮೇಜಿನ ಮೇಲಿರುವ ಸಮಕಥನದ ಏಳನೆಯ ಪುಟದಲ್ಲಿ ಜುಬೇದಾ ಹೀಗೆ ಬರೆದಿದ್ದಾಳೆ: "ಹೊನ್ನವ್ವ ಹಾದಿಯ ನಡುವೆ ನಿಂತಳು. ಏಕೆಂದು ತಿಳಿದುಬಂದಿಲ್ಲ." ಕೆಳಗೆ ಯಲ್ಲಾಲಿಂಗನ ಹೇಳಿಕೆಯಿದೆ. ಸಮಕಥನದಲ್ಲಿ ಎರಡೂ ಮನೆಯವರ ಮಾತನ್ನು ಅವರ ನುಡಿಯಲ್ಲೇ ಇಡುವುದು ನಿಯಮ, ಅವನ ಮಾತನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ಕಾಗದದ ಮೇಲೆ: "ಆಕಿ ಯಾಕ ನಿಂತಳು ಅಂತ ನಾ ಕೇಳೂದಿಲ್ಲರೀ. ಕೊಂಡಿ ಬಿಚ್ಚಿದಾಂವ ನಾನು." ಅವನೂ ಅವನ ತಾಯಿಯೂ ಸಹಿ ಹಾಕಿದ್ದಾರೆ. ಇನ್ನು ಉಳಿದದ್ದು ನಮ್ಮ ಮನೆಯ ಪರವಾಗಿ ನನ್ನದು. ಸಹಿ ಹಾಕಿದರೆ ಪೂರ್ತಿ ತಪ್ಪು ಅವನದಾಗುತ್ತದೆ, ಜುಬೇದಾ ಉತ್ತೀರ್ಣಳಾಗುತ್ತಾಳೆ, ನಾನು ಗೆಲ್ಲುತ್ತೇನೆ. ಎದುರಾಳಿ ತಾನಾಗಿಯೇ ವೇದಿಕೆಯಿಂದ ಇಳಿದುಹೋದ ಚರ್ಚೆಯನ್ನು ನಾನು ಜೀವನದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಇಂಥ ಕಡೆ ಮುಂದೇನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಬೆಳಿಗ್ಗೆ ಒಲೆಯ ಮುಂದೆ ಕುಳಿತಿದ್ದ ಕಸ್ತೂರಿಗೆ ಹೇಳಿದೆ. ಅವಳು ಹಿಟ್ಟು ನಾದುವ ಕೈಯನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಿತ್ತು. ಕಿವಿಮಣಿ ಹಾಕ್ಕೊಂಡು ಅಡ್ಡಾಡತಿದ್ರಿ. ಒಮ್ಮಿಂದೊಮ್ಮೆಲೆ ನಿಂತ್ರಿ. ನೀವಾಗೇ ಹೇಳ್ತೀರಿ ಅಂತ ವರ್ಷ ಕಾದೀನಿ" ಎಂದಳು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತೆ. ನಾದಿದ ಹಿಟ್ಟನ್ನು ಮುಚ್ಚಿಟ್ಟು ಅವಳು, "ಏಳ್ರಿ, ಬರೀಹೋಗ್ರಿ. ಆ ಹುಡುಗಿ ಬರೂ ಹೊತ್ತಾತು" ಎಂದಳು.

ನೀಲಗಂಗಾ ಅವರೇ, ಈ ಪತ್ರದ ನಡುವೆ ಎದ್ದು ಹೋಗಿ ನಾನು ಏಳನೆಯ ಪುಟವನ್ನು ತಿದ್ದಿ ಬಂದಿದ್ದೇನೆ. "ಏಕೆಂದು ತಿಳಿದುಬಂದಿಲ್ಲ" ಎಂಬುದನ್ನು ಹೊಡೆದುಹಾಕಿ, "ಅವಳ ತಂದೆಯಾದ ನಾನು ಕರೆದೆ, ಅದಕ್ಕೆ ನಿಂತಳು. ಅವಳು ಸಾಲುಬಂಡಿಯ ಹಾದಿಯಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಮಾತು ತುರ್ತಿನದಾಗಿರಲಿಲ್ಲ" ಎಂದು ಬರೆದಿದ್ದೇನೆ. ನನ್ನ ಬದುಕಿನಲ್ಲಿ ವಿಶೇಷಣವಿಲ್ಲದೆ ಬರೆದ ಮೊದಲ ವಾಕ್ಯಗಳು ಇವು. ಕೆಳಗೆ ಸಹಿ ಹಾಕಿದ್ದೇನೆ. ಈ ತಿದ್ದುಪಡಿ ಮತ್ತೆ ಆ ಮನೆಗೆ ಹೋಗಬೇಕು. ಅವರೂ ಹೊಸದಾಗಿ ಒಪ್ಪಬೇಕು. ಯಲ್ಲಾಲಿಂಗನ ಶಿಕ್ಷೆ ತಗ್ಗಬಹುದು. ಅದು ನನಗೆ ಇಷ್ಟವೆಂದು ಹೇಳಿದರೆ ಸುಳ್ಳಾಗುತ್ತದೆ. ಅವನನ್ನು ನಾನು ಕ್ಷಮಿಸಿಲ್ಲ. ಕೊಂಡಿ ಬಿಚ್ಚಿದ ತಪ್ಪು ಅವನದು, ಅದು ಅವನ ಬಳಿಯೇ ಇರಲಿ. ನನ್ನದನ್ನೂ ಅವನೇ ಹೊರುವುದು ಬೇಡ. ನನ್ನ ಪಾಲಿಗೆ ಬರುವ ಶಿಕ್ಷೆಯ ಬಗ್ಗೆ ನ್ಯಾಯಾಧೀಶರ ಮುಂದೆ ನಾನು ಒಂದು ಮಾತನ್ನೂ ಆಡುವುದಿಲ್ಲ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಕೈಯಲ್ಲೂ ಇಂದು ಒಂದು ಫಾರಂ ಇದೆ. ನಿಮ್ಮ ತಂದೆಯವರು ಮಾತು ಬಿಟ್ಟಿದ್ದಾರೆ. ಅವರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ನಿಮಗೆ ಅದು ಸಾಧ್ಯವಿದೆ, ಆದ್ದರಿಂದಲೇ ಬೇಡ. ಅವರಿಗೆ ಭಯವಿದೆ. ಮಗಳು ದುಃಖವಿರುವ ಮನೆಗಳಿಗೇ ಹುಡುಕಿಕೊಂಡು ಹೋಗುವ ಕೆಲಸ ಕಲಿಯುತ್ತಾಳೆಂದರೆ ಯಾವ ತಂದೆಗೂ ಭಯವಾಗುತ್ತದೆ. ನಮ್ಮಲ್ಲಿ ಕೆಲವರಿಗೆ ಭಯ ಬಂದಾಗ ಬಾಯಿಯಿಂದ ತರ್ಕ ಹೊರಡುತ್ತದೆ, ಕೆಲವರಿಗೆ ಮೌನ. ಎರಡನ್ನೂ ನಂಬಬೇಡಿ. ಫಾರಂ ತುಂಬಿ ಕೊಟ್ಟು ಬಂದು ಅವರ ಪಕ್ಕದಲ್ಲಿ ಕುಳಿತು ಊಟ ಮಾಡಿ. ಆ ವಿಷಯವನ್ನು ಓದಿ. ಮುಂದೊಂದು ದಿನ ಯಾವುದೋ ಮನೆಯಲ್ಲಿ ನೀವು ಕೇಳಿದ ನೇರ ಪ್ರಶ್ನೆಗೆ ನನ್ನಂಥ ಒರಟನೊಬ್ಬ ತಿರುಗಿ ಪ್ರಶ್ನೆ ಹಾಕಿದರೆ, ಬರೆದುಕೊಂಡು ಸುಮ್ಮನಿರಿ, ಮತ್ತೆ ಮುಂದಿನ ಸರದಿಗೆ ಹೋಗಿ. ಅಂಥವರಿಗೆ ನಿಜ ಹೇಳಲು ಒಮ್ಮೊಮ್ಮೆ ಒಂದು ವರ್ಷ ಬೇಕಾಗುತ್ತದೆ. ಆ ವರ್ಷ ಪೂರ್ತಿ ಯಾರಾದರೂ ಬರುತ್ತಿರಬೇಕು.

ನನ್ನ ಮಗಳು ಓದಲಾಗದ್ದನ್ನು ನೀವು ಆಗಲೇ ಓದಿ ಮುಗಿಸಿದ್ದೀರಿ ಎಂಬ ನೆನಪು ನನಗೆ ಈ ವರ್ಷ ಎಷ್ಟು ಆಸರೆಯಾಗಿತ್ತೆಂದು ನಿಮಗೆ ತಿಳಿಸುವ ಬೇರೆ ದಾರಿ ಇರಲಿಲ್ಲ. ನನ್ನ ಒಂದೇ ಹಿಂದೋಲೆಯನ್ನು ಅದಕ್ಕೇ ಬಳಸಿದ್ದೇನೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಬಿಸಿಲಿನಲ್ಲಿ ತಲೆಗೆ ಸೆರಗು ಹಾಕಿಕೊಂಡು ತಿರುಗಿ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ.

ಬಾಗಿಲಲ್ಲಿ ದೊಡ್ಡ ಚಪ್ಪಲಿಯ ಸದ್ದಾಯಿತು. ಅವಳು ಒಳಗೆ ಬಂದ ಕೂಡಲೇ ಸಮಕಥನಕ್ಕೆ ಸಹಿಯಾಯಿತೇ ಎಂದು ಕೇಳುತ್ತಾಳೆ. ಈಗಲೇ ಕೊಡುವುದಿಲ್ಲ. ಅಷ್ಟು ದೂರ ನಡೆದು ಬಂದಿದ್ದಾಳೆ, ಮೊದಲು ಉಣ್ಣಲಿ. ಇಂದು ಹೊನ್ನವ್ವನ ತಟ್ಟೆಯನ್ನು ನಾನೇ ತೊಳೆದಿಟ್ಟಿದ್ದೇನೆ.

ಇಂತು ನಿಮ್ಮ ಮೊಮ್ಮಗಳ ಮೊಮ್ಮಗ,
ಸಂಗನಬಸವ